ಮೊದಲ ಹೊಲಿಗೆ ಯಾರ ಮೈಮೇಲೆ?

(ಜಿಲ್ಲಾಸ್ಪತ್ರೆಗೆ ಸೇರಿದ ವೈದ್ಯಕೀಯ ಕಾಲೇಜು. ಮೇಜಿನ ಮೇಲೆ ನೀಡಲ್ ಹೋಲ್ಡರ್, ಅವಧಿ ಮೀರಿದ ರೇಷ್ಮೆ ದಾರ, ಮಾಂಸದಂಗಡಿಯಿಂದ ತಂದ ಮೇಕೆ ಕಾಲು.)

ವಿದ್ಯಾರ್ಥಿ: ಮೇಡಂ, ಇದಕ್ಕೆ ನೋವಿಲ್ಲ, ರಕ್ತ ಬರಲ್ಲ. ಇದರ ಮೇಲೆ ಕಲಿತದ್ದು ಕಲಿಕೆಯೇ?

ಪ್ರಾಧ್ಯಾಪಕಿ: ಸೂಜಿ ನೆಟ್ಟಗೆ ಇಳಿಸು. ಅದರ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಲಿ. ಈಗ ಗಂಟು ಹಾಕು... ಚರ್ಮ ಮುದುರಿತು ನೋಡು, ಬಿಗಿ ಜಾಸ್ತಿ. ಜೀವಂತ ಚರ್ಮವಾಗಿದ್ದರೆ ರಕ್ತಸಂಚಾರ ನಿಂತು ಅಂಚು ಸಾಯ್ತಿತ್ತು. ಈ ತಪ್ಪು ಎಲ್ಲಿ ಆಗೋದು ಒಳ್ಳೇದು?

ವಿದ್ಯಾರ್ಥಿ: ಸೀನಿಯರ್‌ಗಳೆಲ್ಲ ಕ್ಯಾಶುವಾಲ್ಟಿಯಲ್ಲೇ ಕಲಿತರಲ್ಲ. ಒಂದು ನೋಡು, ಒಂದು ಮಾಡು, ಒಂದು ಕಲಿಸು ಅಂತ.

ಪ್ರಾಧ್ಯಾಪಕಿ: ಆ ‘ಒಂದು ಮಾಡು’ ಯಾರ ಮೇಲೆ? ದುಡ್ಡಿದ್ದವರು ಪಳಗಿದ ಕೈಯನ್ನೇ ಹುಡುಕಿಕೊಂಡು ಹೋಗ್ತಾರೆ. ಕೈ ಪಳಗೋದಕ್ಕೆ ಮೈ ಕೊಟ್ಟವರು ಕೂಲಿ ಮಾಡೋರು, ಅದೂ ಅವರನ್ನ ಒಂದು ಮಾತು ಕೇಳದೆ. ನನ್ನನ್ನ ಕಾಡೋದು ಇದೇ. ರೋಗಿಯನ್ನ ಮುಟ್ಟೋ ಮೊದಲೇ ಕೈ ಪಳಗಿಸೋದಕ್ಕೆ ಸುಶ್ರುತ ಸಂಹಿತೆಯಲ್ಲಿ ಒಂದು ಅಧ್ಯಾಯವೇ ಇದೆ: ಕುಂಬಳ, ಸೋರೆ, ಸೌತೆಕಾಯಿ ಮೇಲೆ ಕೊಯ್ಯೋದು, ಬಟ್ಟೆಯಂಚಿನ ಮೇಲೆ, ಮೆದು ಚರ್ಮದ ಮೇಲೆ ಹೊಲಿಯೋದು. ಅಷ್ಟು ಹಿಂದೆಯೇ ಹೊಳೆದಿತ್ತು.

ವಿದ್ಯಾರ್ಥಿ: ಈಗ ಸೋರೆಕಾಯಿ ಸಾಕೇ? 2002ರಲ್ಲಿ ಯೇಲ್ ವಿಶ್ವವಿದ್ಯಾಲಯದವರ ಅಧ್ಯಯನ ಬಂತಲ್ಲ, ಸಿಮ್ಯುಲೇಟರ್‌ನಲ್ಲಿ ಪಳಗಿದವರು ಪಿತ್ತಕೋಶ ಬಿಡಿಸುವಾಗ ಮಾಡಿದ ತಪ್ಪು ಉಳಿದವರ ಆರನೇ ಒಂದು ಭಾಗ. ಅಂಥ ಯಂತ್ರ ನಮಗೆಲ್ಲಿ?

ಪ್ರಾಧ್ಯಾಪಕಿ: ರಟ್ಟಿನ ಡಬ್ಬಕ್ಕೆ ಎರಡು ತೂತು, ಮೇಲೊಂದು ಮೊಬೈಲು. ಪರದೆ ನೋಡ್ತಾ ಕೈಯಾಡಿಸೋದನ್ನ ಅಷ್ಟರಲ್ಲೇ ಶುರುಮಾಡಬಹುದು. 2019ರ ಎಂಬಿಬಿಎಸ್ ಪಠ್ಯಕ್ರಮದಿಂದ ಸ್ಕಿಲ್ಸ್ ಲ್ಯಾಬ್ ಕಡ್ಡಾಯ. ಬೊಂಬೆಗಳಿಗೆ ಟೆಂಡರೂ ಆಗುತ್ತೆ. ಪಕ್ಕದಲ್ಲಿ ನಿಂತು ‘ಬಿಗಿ ಜಾಸ್ತಿ’ ಅನ್ನೋರು ಬೇಕಲ್ಲ? ನನಗೇ ಹೊರಗೆ ಒಪಿಡಿ ಸಾಲು ಕಾಯ್ತಿದೆ. ಕೊರತೆ ಇರೋದು ಅಲ್ಲಿ. ನೋಡಿ ತಿದ್ದೋರಿಲ್ಲದೆ ನೂರು ಗಂಟು ಹಾಕಿದರೆ ತಪ್ಪೇ ಕೈಗೆ ಕೂತುಬಿಡುತ್ತೆ.

ವಿದ್ಯಾರ್ಥಿ: ಆದರೂ ಮಗು ಚೀರುವಾಗ ಕೈ ನಡುಗದ ಹಾಗೆ ಇದು ಕಲಿಸುತ್ತಾ?

ಪ್ರಾಧ್ಯಾಪಕಿ: ಕಲಿಸಲ್ಲ. ಅದಕ್ಕೆ ಕ್ಯಾಶುವಾಲ್ಟಿಯೇ ಬೇಕು. ಆ ಹೊತ್ತಿಗೆ ಗಂಟು ಯೋಚಿಸದೆ ಬರ್ತಿದ್ದರೆ ನಿನ್ನ ಗಮನವೆಲ್ಲ ಮಗುವಿಗೇ ಸಿಗುತ್ತೆ.

ವಿದ್ಯಾರ್ಥಿ: ಮೊದಲನೇ ರೋಗಿ ಅಂತ ಒಬ್ಬರು ಇದ್ದೇ ಇರ್ತಾರೆ. ಅವರಿಗೆ ಹೇಳಬೇಕಾ? ಹೆದರ್ತಾರೆ.

ಪ್ರಾಧ್ಯಾಪಕಿ: ಹೇಳಬೇಕಪ್ಪ. ‘ಅಣ್ಣಾ, ಮನುಷ್ಯರ ಮೇಲೆ ನನಗಿದು ಮೊದಲ ಹೊಲಿಗೆ. ಮೇಡಂ ಇಲ್ಲೇ ಇರ್ತಾರೆ. ಬೇಡ ಅಂದರೆ ಅವರೇ ಹಾಕ್ತಾರೆ’ ಅನ್ನು.

ವಿದ್ಯಾರ್ಥಿ: ಬೇಡ ಅಂದುಬಿಟ್ಟರೆ?

ಪ್ರಾಧ್ಯಾಪಕಿ: ನಾನು ಹಾಕ್ತೀನಿ, ನೀನು ದಾರ ಕತ್ತರಿಸಿಕೊಡು. ಆಮೇಲೆ ಡ್ರೆಸ್ಸಿಂಗ್‌ಗೆ ಬಂದಾಗ ಅವರ ಹತ್ತಿರ ಮುಖ ಗಂಟಿಕ್ಕಿಕೊಂಡು ಇರಬೇಡ.