ಹಳೆಯ ಒಳಿತು ಎಲ್ಲಿ ಹೋಗುತ್ತದೆ?

ಮಸೀದಿಯ ಹೌದಿನ ಕಟ್ಟೆಯ ಮೇಲೆ ಕೂತು ವುಝೂ ಮಾಡುತ್ತಿದ್ದ ಹುಡುಗನೊಬ್ಬ ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಅದರಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಂಡ ಫಾತಿಹಾ ಇತ್ತು. ‘ಐನ್’ ಅಕ್ಷರ ಬರುವ ಕಡೆಯೆಲ್ಲ ಕೆಂಪು ಗೆರೆ. ಅವನು ಶಹಾದತ್ ಹೇಳಿ ಮೂರು ವಾರವಾಗಿತ್ತು. “ಉಚ್ಚಾರ ತಪ್ಪಿದ್ರೆ ನಮಾಝ್ ಆಗುತ್ತಾ ಸರ್?” ಅಂದ. ನಾನು ಬಾಯಿ ತೆರೆಯುವ ಮೊದಲೇ ಇನ್ನೆರಡು ಪ್ರಶ್ನೆ: “ಹೆಸರು ಬದಲಾಯಿಸ್ಲೇಬೇಕಾ? ಅಮ್ಮನ ಮನೆಗೆ ಹೋಗ್ಬಹುದಾ?”

ಮೂರರ ಹಿಂದೆಯೂ ಇದ್ದದ್ದು ಒಂದೇ ಅಂಜಿಕೆ. ಇಲ್ಲಿಯವರೆಗೆ ಬದುಕಿದ್ದನ್ನೆಲ್ಲ ಮಸೀದಿಯ ಹೊಸ್ತಿಲಾಚೆ ಬಿಟ್ಟು ಬರಬೇಕೇ?

ಇಬ್ಬರು ಸಹಾಬಿಗಳ ಕತೆ ಇಲ್ಲಿ ನೆನಪಾಗುತ್ತದೆ. ಪ್ರವಾದಿಯವರ ವಿರುದ್ಧ ವರ್ಷಗಟ್ಟಲೆ ನಿಂತಿದ್ದ ಅಮ್ರ್ ಇಬ್ನುಲ್ ಆಸ್ ಕೊನೆಗೆ ಇಸ್ಲಾಂ ಸ್ವೀಕರಿಸಲು ಬಂದರು. ಪ್ರವಾದಿಯವರು ಕೈ ಚಾಚಿದಾಗ ಅಮ್ರ್ ತಮ್ಮ ಕೈ ಹಿಂದಕ್ಕೆಳೆದುಕೊಂಡರು. ತನಗೊಂದು ಷರತ್ತಿದೆ, ಹಿಂದಿನದೆಲ್ಲ ಕ್ಷಮೆಯಾಗಬೇಕು ಎಂದರು. ಇಸ್ಲಾಂ ತನ್ನ ಹಿಂದಿನದನ್ನು ಅಳಿಸಿಬಿಡುತ್ತದೆ ಎಂಬ ಉತ್ತರ ಸಿಕ್ಕಿತು. ಇದನ್ನು ಎಲ್ಲರೂ ಹೇಳುತ್ತಾರೆ. ಹಕೀಮ್ ಇಬ್ನ್ ಹಿಝಾಮ್ ಅವರ ಪ್ರಶ್ನೆಯನ್ನು ಮಾತ್ರ ಯಾಕೋ ಅಷ್ಟಾಗಿ ಹೇಳುವುದಿಲ್ಲ. ಅವರು ಇಸ್ಲಾಮಿಗೆ ಮುಂಚೆಯೇ 100 ಗುಲಾಮರನ್ನು ಬಿಡುಗಡೆ ಮಾಡಿದ್ದವರು, 100 ಒಂಟೆ ದಾನ ಕೊಟ್ಟಿದ್ದವರು. ಅದಕ್ಕೆಲ್ಲ ಪುಣ್ಯವುಂಟೇ ಎಂದು ಕೇಳಿದರು. ಮೊದಲು ಮಾಡಿದ ಒಳಿತಿನ ಸಮೇತವೇ ನೀನು ಇಸ್ಲಾಮಿಗೆ ಬಂದಿದ್ದೀ ಎಂಬರ್ಥದ ಉತ್ತರ ಬಂತು.

ಎರಡನ್ನೂ ಒಟ್ಟಿಗಿಟ್ಟು ನೋಡಿ. ಕೆಡುಕು ಅಳಿಯಿತು, ಒಳಿತು ಉಳಿಯಿತು. ಅಂದಮೇಲೆ ತಾಯಿ ಕಲಿಸಿದ ಪ್ರಾಮಾಣಿಕತೆ, ಅಜ್ಜ ಕಲಿಸಿದ ಅತಿಥಿ ಸತ್ಕಾರ ಇವನ್ನು ಬಿಟ್ಟು ಬಾ ಎನ್ನಲು ನಾವು ಯಾರು?

ಹೆಸರಿನ ವಿಷಯ ಸುಲಭ. ಸಹಾಬಿಗಳಾದ ಉಮರ್, ಖಾಲಿದ್ ಅವರಿಗೆ ಹುಟ್ಟಿನಿಂದ ಬಂದ ಹೆಸರುಗಳೇ ಇಸ್ಲಾಂ ಸ್ವೀಕರಿಸಿದ ಮೇಲೂ ಉಳಿದವು. ಪ್ರವಾದಿಯವರು ಬದಲಿಸಿದ್ದು ಕೆಟ್ಟ ಅರ್ಥದ ಅಥವಾ ನಂಬಿಕೆಗೆ ಒಗ್ಗದ ಹೆಸರುಗಳನ್ನು. ಭಾಷೆಯದೂ ಹಾಗೆಯೇ. ಉರ್ದು ಬಾರದಿದ್ದರೆ ಈಮಾನಿಗೇನೂ ಕಡಿಮೆಯಾಗುವುದಿಲ್ಲ. ಕರಾವಳಿಯಲ್ಲಿ ತಲೆಮಾರುಗಳಿಂದ ಮುಸ್ಲಿಮರಾಗಿರುವ ಬ್ಯಾರಿಗಳ ಮನೆಮಾತು ಬ್ಯಾರಿ, ಭಟ್ಕಳದ ನವಾಯತರದು ನವಾಯತಿ. ಇನ್ನು ಉಚ್ಚಾರ: ತಡವರಿಸುತ್ತ, ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಎರಡು ಪಟ್ಟು ಪ್ರತಿಫಲವೆಂದು ಹದೀಸ್ ಇದೆ. ಆ ಕೆಂಪು ಗೆರೆಗಳಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೇ?

ಅಮ್ಮನ ಪ್ರಶ್ನೆಗೆ ಮಾತ್ರ ನನ್ನ ಗಂಟಲು ಕಟ್ಟಿತು. ಅಬೂಬಕ್ಕರ್ ಅವರ ಮಗಳು ಅಸ್ಮಾರ ತಾಯಿ ಇಸ್ಲಾಂ ಸ್ವೀಕರಿಸಿರಲಿಲ್ಲ. ಆಕೆ ಮಗಳನ್ನು ನೋಡಲು ಮದೀನಾಕ್ಕೆ ಬಂದಾಗ ಅಸ್ಮಾ ಗೊಂದಲಕ್ಕೆ ಬಿದ್ದರು. ತಾಯಿಯೊಡನೆ ಸಂಬಂಧ ಉಳಿಸಿಕೋ ಎಂದರು ಪ್ರವಾದಿಯವರು. ತಂದೆತಾಯಿ ಬಹುದೇವಾರಾಧನೆಗೆ ಒತ್ತಾಯಿಸಿದರೆ ಅದರಲ್ಲಿ ಅವರ ಮಾತು ಕೇಳಬೇಡಿ, ಆದರೆ ಅವರೊಂದಿಗೆ ಚೆನ್ನಾಗಿ ಬಾಳಿ ಎಂಬುದು ಕುರ್‌ಆನಿನ 31ನೇ ಅಧ್ಯಾಯದ ಬೋಧನೆ.

ಎಲ್ಲ ಹಾಗೇ ಇರುವುದಾದರೆ ಬದಲಾದದ್ದೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಲೆ ಬಾಗುವುದು ಯಾರಿಗೆ ಎಂಬುದು ಬದಲಾಗುತ್ತದೆ. ಕುಡಿತ, ಬಡ್ಡಿ ಹೋಗಲೇಬೇಕು. ಆದರೆ ಕುರ್‌ಆನ್ ಪೂರ್ತಿ ಇಳಿಯಲು ಸುಮಾರು 23 ವರ್ಷ ಹಿಡಿಯಿತು. ಮದ್ಯದ ನಿಷೇಧವೂ ಹಂತ ಹಂತವಾಗಿ ಬಂತು. ಮೂರು ವಾರದ ಮುಸ್ಲಿಮನಿಂದ ಮೂವತ್ತು ವರ್ಷದ ಅಭ್ಯಾಸ ಕೇಳುವುದು ಧರ್ಮದ ಶಿಸ್ತಲ್ಲ, ನಮ್ಮ ಅವಸರ.

ಪ್ರವಾದಿಯವರಲ್ಲಿ ಆ ಅವಸರವಿರಲಿಲ್ಲ. ಒಮ್ಮೆ ನಮಾಝಿನಲ್ಲಿ ಒಬ್ಬರು ಸೀನಿದರು. ಹೊಸಬರಾದ ಮುಆವಿಯಾ ಇಬ್ನುಲ್ ಹಕಮ್ ಗಟ್ಟಿಯಾಗಿ ಹರಸಿಬಿಟ್ಟರು. ಸುತ್ತಲಿನವರು ದುರುಗುಟ್ಟಿ ನೋಡಿದರು, ತೊಡೆ ಬಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿಯವರು ಗದರಲಿಲ್ಲ, ಬೈಯಲಿಲ್ಲ. ನಮಾಝಿನಲ್ಲಿ ಲೋಕದ ಮಾತು ಸಲ್ಲದು ಎಂದಷ್ಟೇ ತಿಳಿಸಿದರು. ಅಂಥ ಗುರುವನ್ನು ತಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ ಎಂದು ಆ ಹೊಸಬರೇ ಹೇಳಿಕೊಂಡಿದ್ದಾರೆ.

ಮುಂದಿನ ಜುಮಾಕ್ಕೆ ನಿಮ್ಮ ಸಫ್ಫಿನಲ್ಲಿ ಕಾಗದ ಹಿಡಿದ ಹುಡುಗನೊಬ್ಬ ನಿಂತರೆ ದುರುಗುಟ್ಟಬೇಡಿ, ಪಕ್ಕಕ್ಕೆ ಸರಿದು ಜಾಗ ಕೊಡಿ. ಅವನು ಹೇಳಿದ ಹೆಸರಿನಿಂದಲೇ ಅವನನ್ನು ಕರೆಯಿರಿ. ಮತ್ತು ತಮ್ಮಾ, ನೀನು ಇವತ್ತು ಸಂಜೆಯೇ ಅಮ್ಮನಿಗೆ ಫೋನ್ ಮಾಡು.