ಬೆಳಕು ಹಾಕುವ ಮುನ್ನ

ಉಕ್ಕಡಗಾತ್ರಿಯಲ್ಲಿ ನಮ್ಮ ದೊಡ್ಡಪ್ಪನದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಅಲ್ಲಿನ ಗರಗಸದ ಮೇಜಿನ ಮೇಲೆ ಎಷ್ಟೋ ವರ್ಷದಿಂದ ಒಂದು 60 ವ್ಯಾಟಿನ ಗುಂಡು ಬಲ್ಬು ನೇತಾಡುತ್ತಿತ್ತು. ಬ್ಲೇಡಿನ ಒಂದು ಕಡೆ ಪೂರ್ತಿ ನೆರಳು, ಪೆನ್ಸಿಲ್ ಗೆರೆ ಕಾಣೋದೇ ಕಷ್ಟ. ಬೆಂಗಳೂರಿಂದ ಹೋದವನು ನಾನು, ಅದನ್ನು ಕಿತ್ತು ಆನ್‌ಲೈನಲ್ಲಿ ತರಿಸಿದ್ದ ಅಗ್ಗದ ಎಲ್‌ಇಡಿ ದೀಪ ಹಾಕಿದೆ. ಮೇಜು ಝಗಮಗ. ದೊಡ್ಡಪ್ಪನನ್ನು ಕೇಳಲಿಲ್ಲ. ಒಳ್ಳೇದು ಮಾಡೋಕೆ ಕೇಳೋದೇನು?

ಮಾರನೇ ದಿನ ಅಮಾವಾಸ್ಯೆ. ಅಜ್ಜಯ್ಯನ ಗುಡಿಗೆ ಬಂದ ಜನ, ವಾಹನ, ಮೈಕು; ಶೆಡ್ಡಿನೊಳಗೂ ಅದೇ ಗದ್ದಲ. ದೊಡ್ಡಪ್ಪ ಮಷೀನ್ ಆಫ್ ಮಾಡಿ, ಕೊಯ್ದ ತುಂಡು ಎತ್ತಿಕೊಳ್ಳಲು ಕೈ ಚಾಚಿದರು. ಬ್ಲೇಡು ನಿಂತ ಹಾಗೇ ಕಾಣುತ್ತಿತ್ತು. ನಿಂತಿರಲಿಲ್ಲ. ಉಗುರಿನ ತುದಿ ಹೋಯಿತು, ಬೆರಳು ಉಳಿಯಿತು.

“ನಿಂತೈತಿ ಅಂದ್ಕೊಂಡೆ” ಅಂದರು, ಅಷ್ಟೆ.

ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಒಳಗಿನ ಡ್ರೈವರ್ ಕಳಪೆಯಾಗಿದ್ದರೆ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಅದು ಗೊತ್ತಾಗಲ್ಲ. ಆದರೆ ಒಂದು ಮಿನುಗಿನಿಂದ ಇನ್ನೊಂದಕ್ಕೆ ಒಂದು ಹಲ್ಲಿನ ಜಾಗಕ್ಕೆ ಸರಿಯಾಗಿ ಇನ್ನೊಂದು ಹಲ್ಲು ಬಂದು ಕೂತರೆ, ತಿರುಗುವ ಬ್ಲೇಡು ನಿಂತಂತೆ ಕಾಣುತ್ತೆ. ಆಫ್ ಮಾಡಿದ ಮೇಲೆ ವೇಗ ಇಳೀತಾ ಇಂಥ ಗಳಿಗೆಗಳು ಬಂದೇ ಬರುತ್ತವೆ. ಹಳೇ ಗುಂಡು ಬಲ್ಬಿನ ತಂತಿ ಅಷ್ಟು ಬೇಗ ತಣ್ಣಗಾಗಲ್ಲ, ಹಾಗಾಗಿ ಅದು ಇಷ್ಟು ಮೋಸ ಮಾಡಲ್ಲ.

“ನನಗೆ ಗೊತ್ತಿರಲಿಲ್ಲ” ಅನ್ನಬಹುದಿತ್ತು. ನಿಜವೂ ಹೌದು. ಆದರೆ ಗೊತ್ತು ಮಾಡಿಕೊಳ್ಳೋಕೆ ಹತ್ತು ನಿಮಿಷ ಸಾಕಿತ್ತು, ಆ ಹತ್ತು ನಿಮಿಷವನ್ನು ನಾನು ಕೊಡಲಿಲ್ಲ. ಉದ್ದೇಶ ನನ್ನದು, ಬೆರಳು ಅವರದು. ತಪ್ಪಾದರೆ ಬೆಲೆ ಕಟ್ಟುವವರು ಬೇರೆಯವರು ಅಂದಾಗ ಒಳ್ಳೇ ಮನಸ್ಸೊಂದೇ ಸಾಲದು. ಆಫೀಸಲ್ಲೂ ನಾವು ಮಾಡೋದು ಇದನ್ನೇ ಅಲ್ಲವೇ? ಯಾರದೋ ದಿನನಿತ್ಯದ ಕೆಲಸವನ್ನು ಒಂದು ಶುಕ್ರವಾರ ಸಂಜೆ “ಸುಧಾರಿಸಿ” ಮನೆಗೆ ಹೋಗುತ್ತೇವೆ.

ಇನ್ನೊಂದು ಮಾತು ಚುಚ್ಚುತ್ತೆ. ದೆವ್ವ ಬಿಡಿಸಿಕೊಳ್ಳಲು ಇಲ್ಲಿಗೆ ಬರುವವರನ್ನು ಕಂಡು, ಕಾಣದ್ದನ್ನು ನಂಬ್ತಾರಲ್ಲ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಕಂಡದ್ದನ್ನೆಲ್ಲ ನಂಬುವುದೂ ಅಷ್ಟೇ ದೊಡ್ಡ ಮೂಢನಂಬಿಕೆ ಅಂತ ಹೊಳೆದಿರಲಿಲ್ಲ.

ಹಾಗಂತ ಕತ್ತಲೇ ಚೆನ್ನಾಗಿತ್ತು ಅಂತಲ್ಲ. ನೆರಳಲ್ಲಿ ಕೊಯ್ಯೋದೂ ಅಪಾಯವೇ. ಮುಂದಿನ ಸಲ ಹೋದಾಗ ಮೊದಲು ಕೇಳಿದೆ: “ನಿಮಗೆ ಎಲ್ಲಿ ಕಾಣಲ್ಲ?” ಅವರು ಎರಡು ಜಾಗ ತೋರಿಸಿದರು. ಒಂದರ ನೆರಳನ್ನು ಇನ್ನೊಂದು ಅಳಿಸುವ ಹಾಗೆ ಎರಡೂ ಕಡೆಯಿಂದ, ಬ್ಯಾಟರಿಯಿಂದ ನೇರವಾಗಿ ಉರಿಯುವ ಮಿನುಗದ ದೀಪ ಹಾಕಿದ್ದೇವೆ.

ದೊಡ್ಡಪ್ಪ ಈಗಲೂ ಆಫ್ ಮಾಡಿದ ಮೇಲೆ ಬ್ಲೇಡಿಗೆ ಒಂದು ಕಡ್ಡಿ ತಾಗಿಸಿ ನೋಡಿಯೇ ಕೈ ಹಾಕೋದು. “ದೀಪ ಛಲೋ ಐತಿ” ಅಂತಾರೆ. ಕಡ್ಡಿ ಮಾತ್ರ ಬಿಡಲ್ಲ. ಬಿಡಿ ಅಂತ ನಾನೂ ಹೇಳಲ್ಲ.