ಕೇಳಿದ್ದಕ್ಕೆ ಸಾಕ್ಷಿ ಯಾರು?

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಈ ಸುದ್ದಿ ನಮಗೆಲ್ಲ ಪರಿಚಿತ. ಇ-ಖಾತೆ ಮಾಡಿಕೊಡಲು ಹಣ ಕೇಳಿದ ಪಿಡಿಒ ಲೋಕಾಯುಕ್ತ ಬಲೆಗೆ. ಜೊತೆಗೊಂದು ಫೋಟೊ, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ನೋಟುಗಳು. ಕಾಫಿ ಮುಗಿಯುವಷ್ಟರಲ್ಲಿ ನಾವು ತೀರ್ಪು ಕೊಟ್ಟಾಗಿರುತ್ತದೆ. ಕೆಲವು ವರ್ಷದ ಮೇಲೆ ಅದೇ ಆರೋಪಿ ಖುಲಾಸೆಯಾದರೆ ಒಳಪುಟದ ನಾಲ್ಕು ಸಾಲು ಓದಿ, 'ಎಲ್ಲೋ ದುಡ್ಡು ಕೆಲಸ ಮಾಡಿದೆ' ಎಂದುಬಿಡುತ್ತೇವೆ. ಹಾಗೆ ಆಗಿರಲೂಬಹುದು. ಆದರೆ ಎಷ್ಟೋ ಸಲ ಕಾರಣ ಬೇರೆ ಇರುತ್ತದೆ, ಅದರಲ್ಲಿ ನಮ್ಮ ಪಾಲೂ ಇರುತ್ತದೆ.

ಟ್ರ್ಯಾಪ್ ನಡೆಯುವ ಬಗೆ ಹೀಗೆ. ನೋಟುಗಳ ನಂಬರು ಬರೆದುಕೊಂಡು, ಅವಕ್ಕೆ ಫಿನಾಫ್ತಲೀನ್ ಪುಡಿ ಸವರಿ ದೂರುದಾರನ ಕೈಗೆ ಕೊಡುತ್ತಾರೆ. ನಡೆಯುವುದನ್ನು ನೋಡಲು, ಆಡಿದ ಮಾತು ಕೇಳಿಸಿಕೊಳ್ಳಲು ನೆರಳು ಸಾಕ್ಷಿಯೊಬ್ಬ ಜೊತೆಗೆ ಹೋಗುತ್ತಾನೆ; ಸಾಮಾನ್ಯವಾಗಿ ಬೇರೆ ಇಲಾಖೆಯ ನೌಕರ. ಹಣ ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೀಸೆಗೆ ತುಂಬಿ, ಸೀಲು ಹಾಕಿ, ಮಹಜರು ಬರೆಯುತ್ತಾರೆ. ಇನ್ನೇನು ಬೇಕು ಎನ್ನಿಸುತ್ತದೆ. ಆದರೆ ಕೈ ಮುಟ್ಟಿತು ಎಂಬುದನ್ನಷ್ಟೇ ಆ ಬಣ್ಣ ಹೇಳಬಲ್ಲದು. ಬಾಯಿ ಕೇಳಿತೇ ಎಂಬುದು ಅದಕ್ಕೆ ಗೊತ್ತಿಲ್ಲ. 'ಕಂದಾಯದ ಬಾಕಿ ಅಂದುಕೊಂಡೆ', 'ನಾನು ಕೊಟ್ಟ ಕೈಸಾಲ ವಾಪಸು ಬಂತು', 'ಬೇಡವೆಂದರೂ ಜೇಬಿಗೆ ತುರುಕಿದ' ಎಂದು ಆರೋಪಿ ಹೇಳುವುದು ಇದೇ ಸಂದಿಯಲ್ಲಿ. ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಇದನ್ನು ಬಿಡಿಸಿ ಹೇಳಿತು. ಹಣ ಸಿಕ್ಕಿದ ಮಾತ್ರಕ್ಕೆ ಅಪರಾಧ ಸಾಬೀತಾಗದು; ಕೇಳಿ ಪಡೆದದ್ದು, ಇಲ್ಲವೇ ಕೊಡಬಂದದ್ದನ್ನು ಲಂಚವೆಂದು ತಿಳಿದೇ ಒಪ್ಪಿಕೊಂಡದ್ದು ರುಜುವಾತಾಗಬೇಕು. ದೂರುದಾರ ತೀರಿಕೊಂಡರೂ, ಮಾತು ಬದಲಿಸಿದರೂ ಕೇಸು ಅಲ್ಲಿಗೇ ಬೀಳಬೇಕಿಲ್ಲ, ಬೇರೆ ಸಾಕ್ಷ್ಯದಿಂದ, ಸಂದರ್ಭದಿಂದ ತೋರಿಸಬಹುದು ಎಂದೂ ಪೀಠ ಹೇಳಿತು.

ನೋಟೇ ಸಿಗದ ಕಡೆ ದುರುದ್ದೇಶ ತೋರಿಸುವುದು ಇನ್ನೂ ಕಷ್ಟ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಒಂದು ಕಲಮಿನಲ್ಲಿ, ಸಾರ್ವಜನಿಕ ಹಿತವಿಲ್ಲದೆ ಯಾರಿಗಾದರೂ ಲಾಭ ಮಾಡಿಕೊಟ್ಟರೂ ಅಧಿಕಾರಿ ಸಿಕ್ಕಿಬೀಳಬಹುದಿತ್ತು. 2018ರ ತಿದ್ದುಪಡಿ ಆ ಕಲಮನ್ನು ತೆಗೆಯಿತು. ಹೀಗಿದ್ದರೆ ಪ್ರಾಮಾಣಿಕರು ಸಹಿ ಹಾಕಲೂ ಹೆದರುತ್ತಾರೆ ಎಂಬ ವಾದ ಗೆದ್ದಿತು. ನನಗೆ ಆ ವಾದ ಅರ್ಧ ಒಪ್ಪಿಗೆ. ಬರಗಾಲದ ಏಪ್ರಿಲಿನಲ್ಲಿ ಊರಿಗೆ ನೀರಿಲ್ಲದಾಗ ಟೆಂಡರಿಗೆ ಕಾಯದೆ ಬೋರ್‌ವೆಲ್ ಕೊರೆಸಿದವರನ್ನು ಕಳ್ಳರೆನ್ನಲು ಮನಸ್ಸು ಬಾರದು. ಸರ್ಕಾರ ಘೋಷಿಸಿದ ತುರ್ತು ಸಂದರ್ಭಕ್ಕೆ ನಮ್ಮ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ತುರ್ತು ಏಕೆ, ಬೇರೆ ದಾರಿ ಏಕಿಲ್ಲ ಎಂದು ಅದೇ ದಿನ ಟಿಪ್ಪಣಿ ಹಾಳೆಯಲ್ಲಿ ನಾಲ್ಕು ಸಾಲು ಬರೆದಿಟ್ಟ ಪಿಡಿಒಗೆ ಆ ಹಾಳೆಯೇ ಶ್ರೀರಕ್ಷೆ. ಆದರೆ ರಿಗ್ ಲಾರಿ ಊರಿಗೆ ಬರುವ ಮುಂಚಿನ ದಿನಾಂಕದಲ್ಲೇ ಅಳತೆ ಪುಸ್ತಕದಲ್ಲಿ ಕೊಳವೆಯ ಆಳ ಬರೆದಿದ್ದರೆ? ಮೂರು ಕೊಟೇಶನ್ನೂ ಒಂದೇ ಕೈಬರಹದಲ್ಲಿದ್ದರೆ? ಅಂತಃಕರಣವನ್ನು ಯಾವ ನ್ಯಾಯಾಧೀಶರೂ ಕಣ್ಣಾರೆ ಕಾಣರು, ಇಂಥ ದಿನಾಂಕಗಳಿಂದಲೇ ತಿಳಿಯಬೇಕು. ಸಂಶಯ ಎಷ್ಟೇ ದಟ್ಟವಾಗಿದ್ದರೂ ಪುರಾವೆಯಾಗದು ಎಂಬ ನಿಯಮ ನಮಗೆ ಬೇಸರ ತರಿಸುತ್ತದೆ, ನಿಜ. ನಮ್ಮ ಮಗಳೇ ಪರೀಕ್ಷೆ ಪಾಸು ಮಾಡಿ ಆ ಕುರ್ಚಿಯಲ್ಲಿ ಕೂತರೆ ಅದೇ ನಿಯಮ ಬೇಕೆನ್ನಿಸುತ್ತದೆ.

ಇನ್ನು ನಮ್ಮ ಪಾಲು. 'ಲಂಚ ಕೊಡಿ' ಎಂದು ಬಾಯಿಬಿಟ್ಟು ಕೇಳುವವರು ಕಡಿಮೆ. 'ಸರ್ವರ್ ಇಲ್ಲ' ಎಂದು ಎರಡು ಮೂರು ಸಲ ವಾಪಸು ಕಳಿಸಿ, ಆಮೇಲೆ 'ಸ್ವಲ್ಪ ನೋಡ್ಕೊಳ್ಳಿ, ಮೇಲಿನವರಿಗೂ ಕೊಡಬೇಕಲ್ಲ' ಎನ್ನುತ್ತಾರೆ. ನಾವು ನೋಡಿಕೊಳ್ಳುತ್ತೇವೆ, ಮನೆಗೆ ಬಂದು ಬೈಯುತ್ತೇವೆ. ಧೈರ್ಯ ಮಾಡಿ ದೂರು ಕೊಟ್ಟವರಲ್ಲೂ ಕೆಲವರು, ವರ್ಷಗಳ ಬಳಿಕ ಸಮನ್ಸ್ ಬಂದಾಗ, ಊರಲ್ಲಿ ಯಾಕೆ ನಿಷ್ಠುರವೆಂದು ಕಟಕಟೆಯಲ್ಲಿ 'ನೆನಪಿಲ್ಲ ಸ್ವಾಮಿ' ಎಂದುಬಿಡುತ್ತಾರೆ. ಅವರನ್ನು ಪೂರ್ತಿ ದೂರುವುದೂ ಕಷ್ಟ. ಕಟ್ಟೆಯ ಮೇಲೆ ದಿನಾ ಮುಖ ನೋಡಬೇಕಾದವರು ಅವರು. ಆದರೂ ನಾವು ಮಾಡಬಹುದಾದದ್ದು ಇದೆ. ಕೊಡುವುದೂ ಈಗ ಅಪರಾಧವೇ. ಬಲವಂತಕ್ಕೆ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಕಾನೂನು ಅವರನ್ನು ಬಿಡುತ್ತದೆ, ಕೊಡುವ ಮೊದಲೇ ತಿಳಿಸಿದರೆ ಇನ್ನೂ ಒಳ್ಳೆಯದು. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಕೇಳಿ ಪಡೆಯೋಣ, ನಮ್ಮ ಕೆಲಸ ಅವರ ಮೇಜಿನ ಮೇಲೆ ಬಾಕಿ ಇತ್ತೆಂಬುದಕ್ಕೆ ಆ ಚೀಟಿಯೇ ಆಧಾರ. ಹಣದ ಮಾತು ಬಂದರೆ ಅಂದು ಸಂಜೆಯೇ ದಿನಾಂಕ, ಹೊತ್ತು, ಪಕ್ಕದ ಬೆಂಚಿನಲ್ಲಿ ಕೂತಿದ್ದವರು ಯಾರು, ಹಣ ಕೇಳಿದವರು ಆಡಿದ ಮಾತೇನು ಎಂಬುದನ್ನು ಇದ್ದ ಹಾಗೆಯೇ ಬರೆದಿಡೋಣ. ಘಟನೆಯ ಹೊತ್ತಿನಲ್ಲೇ ತಾನು ಬರೆದಿಟ್ಟ ಟಿಪ್ಪಣಿಯನ್ನು ನೋಡಿ ನೆನಪು ಮಾಡಿಕೊಳ್ಳಲು ಸಾಕ್ಷಿ ಹೇಳುವವನಿಗೆ ಕಾನೂನು ಅವಕಾಶ ಕೊಟ್ಟಿದೆ.